ಹಳ್ಳದ ಮೇಲೆ ಗೆರೆ ಎಳೆದ ನಕಾಶಿ ಮಾಮಾ

ರೊಟ್ಟಿಯನ್ನು ಅವರಷ್ಟು ತಡಮಾಡಿ ತಿಂದವರನ್ನು ನಾನು ಕಂಡಿಲ್ಲ. ತಾಟಿಗೆ ಜೋಳದ ರೊಟ್ಟಿ ಬಿತ್ತೆಂದರೆ ಅದು ಅವರಿಗೆ ಊಟವಲ್ಲ, ತಾಲೂಕು. ಶೇಂಗಾ ಹಿಂಡಿಯ ಒಂದು ಗುಡ್ಡೆ ಇಟ್ಟು ಇದು ಮುದ್ದೇಬಿಹಾಳ ಅನ್ನುವರು, ಉಳ್ಳಾಗಡ್ಡಿಯ ಹೋಳಿಟ್ಟು ಇದು ಬಾಗೇವಾಡಿ ಅನ್ನುವರು, ಬೇಳೆಯಲ್ಲಿ ಬೆರಳದ್ದಿ ನಡುವೆ ಹಳ್ಳ ಹರಿಸುವರು. ಆಮೇಲೆ ಗಡಿ ಎಲ್ಲಿ ಬರಬೇಕೆಂದು ಯೋಚಿಸುತ್ತ ಕೂಡುವರು. "ಉಂಡು ಏಳ್ರಿ, ತಾಲೂಕ ಆರಾಕತ್ತೈತಿ" ಎಂದು ಅವರ ಹೆಂಡತಿ ಒಳಗಿನಿಂದ ಗದರಿದ ಮೇಲೆಯೇ ಮೊದಲ ತುತ್ತು ಬಾಯಿಗೆ ಹೋಗುತ್ತಿತ್ತು.

"ಹಸಿವು ನೋಡಿ ರೊಟ್ಟಿ ಹರೀಬೇಕ್ರಿ ಅಕ್ಕೋರ, ತಾಟು ನೋಡಿ ಅಲ್ಲ" ಎಂಬುದು ಶಾಲೆಯ ಅಕ್ಕೋರಾಗಿದ್ದ ನನಗೆ ಅವರು ಹೇಳುತ್ತಿದ್ದ ಮಾತು. ಮತಕ್ಷೇತ್ರಗಳ ಗಡಿಯನ್ನು ಯಾಕೆ ಆಗಾಗ ತಿದ್ದುತ್ತಾರೆ ಅನ್ನುವುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಅವರ ತಾಟಿನಿಂದ. ಹತ್ತು ವರ್ಷಕ್ಕೊಮ್ಮೆ ಸರಕಾರ ತಲೆ ಎಣಿಸುತ್ತದೆ. ಒಂದು ಕಡೆ ಮಂದಿ ಬೆಳೆದಿರುತ್ತದೆ, ಇನ್ನೊಂದು ಕಡೆ ಅಷ್ಟು ಬೆಳೆದಿರುವುದಿಲ್ಲ. ಒಬ್ಬೊಬ್ಬ ಶಾಸಕನ ಬೆನ್ನಿಗೆ ಇರುವ ತಲೆಗಳು ಮಾತ್ರ ಎಲ್ಲ ಕಡೆಗೂ ಹೆಚ್ಚುಕಡಿಮೆ ಸಮ ಇರಬೇಕು. ಅದಕ್ಕೆ ಗೆರೆಯನ್ನು ಸರಿಸಿ ಅತ್ತಲಿನ ಒಂದೆರಡು ಊರನ್ನು ಇತ್ತ, ಇತ್ತಲಿನ ಒಂದೆರಡನ್ನು ಅತ್ತ ಹಾಕುತ್ತಾರೆ. ಈಗಲೂ ಪೇಪರಿನಲ್ಲಿ ಕ್ಷೇತ್ರ ವಿಂಗಡಣೆಯ ಸುದ್ದಿ ಬಂದರೆ ನನಗೆ ಶೇಂಗಾ ಹಿಂಡಿಯ ವಾಸನೆ ಬರುತ್ತದೆ.

ಅವರು ಮುದ್ದೇಬಿಹಾಳದ ಮಾಮಲೇದಾರ, ಅಂದರೆ ತಹಶೀಲ್ದಾರರ, ಕಚೇರಿಯಲ್ಲಿ ಕಾರಕೂನರು. ಹೆಸರು ನಾನು ಬರೆಯುವುದಿಲ್ಲ. ಊರ ಮಂದಿಯೂ ಅವರನ್ನು ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ನಕಾಶೆಯ ಸುರುಳಿಯನ್ನು ಹರಿದ ಕೊಡೆಯ ಕರೀ ಬಟ್ಟೆಯಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದರಿಂದ ಎಲ್ಲರಿಗೂ ಅವರು ನಕಾಶಿ ಮಾಮಾ. ತಲೆಯ ಮೇಲೆ ಕರೀ ಟೊಪ್ಪಿಗೆ, ಕಿಸೆಯಲ್ಲಿ ಎರಡು ಸೀಸದ ಕಡ್ಡಿ. ರಬ್ಬರು ಮಾತ್ರ ಇಟ್ಟುಕೊಳ್ಳುತ್ತಿರಲಿಲ್ಲ. "ಗೆರಿ ಎಳ್ಯಾಕ ಕೈ ಅಲ್ಲರಿ, ಕಾಲು ಬೇಕು. ಮೊದಲು ನಡದು ನೋಡಿದಾಂವಗ ಅಳಸೂ ಕೆಲಸಾ ಬೀಳಂಗಿಲ್ಲ" ಅನ್ನುವರು. ನೌಕರಿಯುದ್ದಕ್ಕೂ ತಾವು ಎಳೆದ ಒಂದು ಗೆರೆಯನ್ನೂ ಯಾರೂ ತಿದ್ದಿಲ್ಲ ಎಂಬ ಜಂಭ ಅವರಿಗಿತ್ತು. ಇದ್ದರೆ ಇರಲಿ, ಕೆಲಸ ಮಾಡುವವರಿಗೆ ಅಷ್ಟು ಜಂಭ ಒಪ್ಪುತ್ತದೆ.

ಅವರಲ್ಲಿ ಒಂದು ಚಾಳಿ ಇತ್ತು. ಯಾವ ಊರಿಗೆ ಹೋದರೂ ಚಾವಡಿಯ ದಫ್ತರ ನೋಡುವ ಮೊದಲು ಕಟ್ಟೆಯ ಮೇಲೆ ಕೂತ ಹೆಂಗಸರನ್ನು ಕೇಳುವರು: "ಯವ್ವಾ, ನಿಮ್ಮೂರ ಹೆಣ್ಮಕ್ಕಳನ್ನ ಹೆಚ್ಚಾಗಿ ಯಾವ ಕಡಿ ಕೊಡ್ತೀರಿ?" ಉತ್ತರವನ್ನು ಒಂದು ಉದ್ದನೆಯ ವಹಿಯಲ್ಲಿ 'ಬೀಗರು' ಎಂಬ ಖಾನೆಯ ಕೆಳಗೆ ಬರೆದುಕೊಳ್ಳುವರು. ಇದು ಸರಕಾರದ ಖಾನೆಯಲ್ಲ, ಅವರ ಸ್ವಂತದ್ದು. ರಾಜ್ಯಗಳ ಗಡಿ ಬದಲಾದ ಕಾಲಕ್ಕೆ ಅವರು ಇಂಡಿ ತಾಲೂಕಿನಲ್ಲಿದ್ದರಂತೆ. ಚಡಚಣದ ಸಂತೆಯಲ್ಲಿ ಒಬ್ಬ ಮುದುಕಿ ಅವರ ಸೈಕಲ್ಲು ಹಿಡಿದು ನಿಲ್ಲಿಸಿ, "ನನ್ನ ಮೂರೂ ಹೆಣ್ಮಕ್ಕಳು ಸೊಲ್ಲಾಪುರದ ಕಡಿ ಅದಾರೋ ಯಪ್ಪಾ. ಇನ್ನ ಮ್ಯಾಲ ಅವರು ಬ್ಯಾರೆ ರಾಜ್ಯದವರಾ?" ಎಂದು ಕೇಳಿದಳಂತೆ. ಇದನ್ನು ಹೇಳಿ ಮಾಮಾ ವಹಿ ತೋರಿಸುವರು: "ಆ ಗೆರಿ ನನ್ನ ಕೈಯಾಗ ಇರಲಿಲ್ಲರಿ. ನನ್ನ ಕೈಯಾಗ ಇರೂ ಸಣ್ಣ ಗೆರಿನರ ಬೀಗರ ನಡುವ ಬೀಳಬಾರದು ಅಂತ ಅವತ್ತ ಈ ವಹಿ ಹಾಕೀನಿ."

ಸಿಂದಗಿಯ ಕಡೆ ಒಂದು ಊರಲ್ಲಿ ಇದೇ ಪ್ರಶ್ನೆ ಕೇಳಿದಾಗ ಇವರು ವರ ತೋರಿಸಲು ಬಂದವರೆಂದು ತಿಳಿದು ಮನೆಯೊಳಗೆ ಕರೆದು, ಜಮಖಾನೆ ಹಾಸಿ, ಚುರಮುರಿ ಸೂಸಲ ಕೊಟ್ಟರಂತೆ. "ಖರೇ ಹೇಳಲಿಲ್ಲೇನು?" ಎಂದೆ. "ಹೇಳಿದೆ, ಸೂಸಲ ತಿಂದ ಮ್ಯಾಲ" ಎಂದರು.

ಇನ್ನು ನನ್ನ ಪ್ರತಾಪ ಹೇಳಬೇಕು. ನಾನು ಮುದ್ದೇಬಿಹಾಳದಲ್ಲಿ ಬೆಳೆದವಳು. ಅರವತ್ತೊಂದರ ಖಾನೇಸುಮಾರಿಗೆ, ಅಂದರೆ ಜನಗಣತಿಗೆ, ಎರಡು ತಿಂಗಳಿದ್ದಾಗ ಒಂದು ಹಳ್ಳಿಯ ಶಾಲೆಗೆ ಅಕ್ಕೋರಾಗಿ ಹೋದೆ. ಅಲ್ಲೊಂದು ದೊಡ್ಡ ಹಳ್ಳ. ಈಚೆ ದಂಡೆಗೆ ನಾನಿದ್ದ ಊರು, ಆಚೆ ದಂಡೆಗೆ ನಕಾಶಿ ಮಾಮಾನ ಊರು. ಮಂದಿ ಅವನ್ನು ಚಿಕ್ಕ ಊರು, ಹಿರೇ ಊರು ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಚಿಕ್ಕ ಊರಿನ ನನ್ನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯತನಕ ಮಾತ್ರ. ಮುಂದೆ ಕಲಿಯಲು ಹಳ್ಳ ದಾಟಿ ಹಿರೇ ಊರಿಗೆ ಹೋಗಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಗಂಡುಹುಡುಗರು ಹೇಗೋ ಈಜಿ ಹಾರಿ ದಾಟುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ನಾನು ನಾಲ್ಕನೆಯದು ಪಾಸು ಮಾಡಿಸಿದ ಹುಡುಗಿಯರೆಲ್ಲ ಹಳ್ಳದ ದಂಡೆಗೇ ನಿಂತುಬಿಡುತ್ತಿದ್ದರು.

ಹಳ್ಳಕ್ಕೊಂದು ಸೇತುವೆ, ನಮ್ಮ ಮಂದಿಯ ಬಾಯಲ್ಲಿ ಪೂಲು, ಬೇಕೆಂದು ಎರಡೂ ಊರು ಕೂಡಿಯೇ ಗಂಟು ಬಿದ್ದಿದ್ದವು. ಚುನಾವಣೆಗೆ ನಿಂತವರು ಯಾರು ಬಂದರೂ ಎರಡೂ ಊರಿನ ಹಿರಿಯರು ಒಂದೇ ಚಾಪೆಯ ಮೇಲೆ ಕೂತು ಪೂಲಿನ ಮಾತು ತೆಗೆಯುತ್ತಿದ್ದರು. ಎರಡು ಊರಿನ ಓಟು ಒಟ್ಟಿಗೆ ಬರುತ್ತವೆಂದರೆ ಕೇಳುವವರ ಕಿವಿ ಸ್ವಲ್ಪ ಚುರುಕಾಗುತ್ತದೆ.

ಖಾನೇಸುಮಾರಿಯಲ್ಲಿ ಚಿಕ್ಕ ಊರಿನ ಮನೆಗಳನ್ನು ಎಣಿಸಿದವಳು ನಾನೇ. ಹೊಸ ಹುರುಪು, ಮನೆಮನೆಗೆ ಹೋಗಿ ತಾಯಂದಿರನ್ನು ಕೇಳಿ, ಅವರು ಹೇಳಿದ್ದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ. ಮೇಲಿನವರು ಹೊಗಳಿದರು. ನಾನು ಉಬ್ಬಿದೆ. ನಾಲ್ಕು ವರ್ಷದ ಮೇಲೆ ಆ ಅಂಕಿಗಳನ್ನು ಹಿಡಿದು ಕ್ಷೇತ್ರಗಳ ಹೊಸ ಗಡಿಯ ಕರಡು ಪ್ರಕಟವಾಯಿತು. ಬಾಗೇವಾಡಿ ಕಡೆಯ ಕ್ಷೇತ್ರಕ್ಕೆ ಒಂದಿಷ್ಟು ತಲೆ ಕಡಿಮೆ ಬಿದ್ದಿದ್ದವು. ಚಿಕ್ಕ ಊರಿನ ಅಂಕಿ ಆ ಕೊರತೆಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತ್ತು. ಹೀಗಾಗಿ ಚಿಕ್ಕ ಊರು ಬಾಗೇವಾಡಿಗೆ, ಹಿರೇ ಊರು ಮುದ್ದೇಬಿಹಾಳಕ್ಕೆ, ನಡುವಿನ ಹಳ್ಳವೇ ಗಡಿ. ತಾಲೂಕಿನ ಕರಡು ತಯಾರಿಸಿದವರು ನಮ್ಮ ನಕಾಶಿ ಮಾಮಾ.

ಸುದ್ದಿ ತಿಳಿದ ದಿನ ಚಿಕ್ಕ ಊರಿನ ಗೌಡರು ಶಾಲೆಯ ಕಟ್ಟೆಗೆ ಬಂದು ಕೂತರು. "ಇನ್ನ ಪೂಲು ಆತು ಬಿಡ್ರಿ ಅಕ್ಕೋರ. ಈ ಕಡೆಯಾಂವ ಅರ್ಧಾ ನಂದಲ್ಲ ಅಂತಾನ, ಆ ಕಡೆಯಾಂವ ಅರ್ಧಾ ನಂದಲ್ಲ ಅಂತಾನ. ಅರ್ಧಾ ಪೂಲಿನ ಮ್ಯಾಲ ಯಾರು ದಾಟ್ತಾರು?" ನನ್ನ ಹುಡುಗಿಯರು ಕಣ್ಮುಂದೆ ಬಂದರು.

ಮರುದಿನ ಮಾಮಾ ಶಾಲೆಗೆ ಬಂದರು. ಕೈಯಲ್ಲಿ ಎರಡು ಕಾಗದ: ಒಂದು ಖಾನೇಸುಮಾರಿಯ ನಕಲು, ಇನ್ನೊಂದು ಅದೇ ವರ್ಷ ನಾನೇ ಕಚೇರಿಗೆ ಕಳಿಸಿದ ಶಾಲೆಯ ಮಕ್ಕಳ ಪಟ್ಟಿ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಈ ಅಕ್ಷರ ಯಾರದ್ರಿ?"

"ನನ್ನದು."

"ಇದು?"

"ಅದೂ ನನ್ನದೇ."

"ಹಂಗಾರ ಒಂದು ಮಾತು ಹೇಳ್ರಿ. ನಿಮ್ಮ ಸಾಲ್ಯಾಗ ಕುಂತು ಕಲಿಯಾಕತ್ತ ಹುಡುಗುರು ನಿಮ್ಮ ಖಾನೇಸುಮಾರ್ಯಾಗ ಇನ್ನೂ ಹುಟ್ಟೇ ಇಲ್ಲಲ್ಲ?"

ನೋಡಿದೆ. ಮನೆಮನೆಗೂ ಒಂದೊಂದು ಮಗು ಕಡಿಮೆ. ಅವರನ್ನು ಅಲ್ಲೇ ಕೂರಿಸಿ ಎದುರು ಮನೆಗೆ ಓಡಿದೆ. ಆ ಮನೆಯ ತಾಯಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಅಯ್ಯ ಅಕ್ಕೋರ, ಇದ್ದಷ್ಟೂ ಕೂಸು ಬಾಯಿ ಬಿಟ್ಟು ಹೇಳಿದ್ರ ನದರ ಆಗಂಗಿಲ್ಲೇನ್ರಿ? ಎಲ್ಲಾರೂ ಒಂದು ಬಿಟ್ಟೇ ಹೇಳೂದು. ಅದು ನಿಮಗ ಗೊತ್ತಿತ್ತು ಅಂತ ನಾವು ತಿಳ್ಕೊಂಡಿದ್ವಿ." ಕೆಟ್ಟ ಕಣ್ಣು ಬೀಳದಿರಲೆಂದು ಇಡೀ ಊರೇ ಸರಕಾರದಿಂದ ಮನೆಗೊಂದು ಕೂಸನ್ನು ಮುಚ್ಚಿಟ್ಟಿತ್ತು. ಪೇಟೆಯಲ್ಲಿ ಬೆಳೆದ ನನಗೆ ಅದು ತಿಳಿದಿರಲಿಲ್ಲ, ಕೇಳಬೇಕೆಂದೂ ಹೊಳೆದಿರಲಿಲ್ಲ.

ತಿರುಗಿ ಬಂದು ಹೇಳಿದೆ. ಮಾಮಾನ ಹೊಟ್ಟೆ ಕುಲುಕತೊಡಗಿತು. ನಕ್ಕರು, ನಕ್ಕರು, ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ನನಗೋ ಅಳು. "ನಗಬ್ಯಾಡ್ರಿ ಮಾಮಾ, ನನ್ನ ತಪ್ಪಿನಿಂದ ಊರು ಹರೀತು" ಎಂದೆ.

"ನಿಮ್ಮೊಬ್ಬರದಲ್ಲ" ಎಂದರು, ನಗು ನಿಲ್ಲಿಸಿ. "ನಿಮ್ಮ ಅಂಕಿ ಸರಿ ಇದ್ದಿದ್ರ ಈ ಊರು ಆ ಕೊರತಿಗೆ ಕೂಡ್ತಿರಲಿಲ್ಲ, ಖರೇ. ಆದ್ರ ಹಳ್ಳದ ಮ್ಯಾಲ ಗೆರಿ ಎಳದಾಂವ ನಾನು. ತಾಲೂಕಿನ ಎಲ್ಲಾ ಊರಾಗೂ ಅಡ್ಡ್ಯಾಡಿ, ಬೀಗರನ್ನ ಕೇಳಿ ಗೆರಿ ಎಳದೆ. ಇಲ್ಲಿ ಮಾತ್ರ, ಇದು ನನ್ನೂರು, ನನಗ ಗೊತ್ತಿಲ್ಲದ್ದೇನೈತಿ ಅಂತ ಕಚೇರ್ಯಾಗ ಕುಂತೇ ಎಳದುಬಿಟ್ಟೆ. ನಕಾಶ್ಯಾಗ ಹಳ್ಳ ಭಾಳ ಚಂದ ಕಾಣ್ತೈತ್ರಿ."

ಅಂಕಿಗಳನ್ನು ತಿದ್ದಿಕೊಡಿ ಎಂದು ಗೌಡರು ಹೇಳಿ ನೋಡಿದರು. ಮಾಮಾ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರ ಹಾಗೆ ಕೂತರು. ಪ್ರಕಟವಾದ ಅಂಕಿಯನ್ನು ಮುಟ್ಟುವಂತಿಲ್ಲ, ಅದು ಆದ ಮಾತು. ಆದರೆ ಕರಡಿಗೆ ತಕರಾರು ಕೊಡಲು ಮಂದಿಗೆ ಹಕ್ಕಿದೆ, ಹಾದಿ, ಹಳ್ಳ, ಜನರ ಅನುಕೂಲ ಎಲ್ಲವನ್ನೂ ನೋಡಬೇಕೆಂದು ನೋಟೀಸಿನಲ್ಲಿಯೇ ಇದೆ. "ಅದನ್ನ ಓದಿ ಹೇಳಿದ್ರ ತಪ್ಪಲ್ಲ" ಎಂದು ಗೌಡರಿಗೆ ಗಟ್ಟಿಯಾಗಿ ಓದಿ ಹೇಳಿದರು. "ಆದ್ರ ಬರೇ ಬ್ಯಾಡ ಅಂದ್ರ ಆಗಂಗಿಲ್ಲ ಗೌಡ್ರ. ಒಂದು ಊರು ಇಟ್ಕೋಬೇಕಂದ್ರ ಅಷ್ಟೇ ಮಂದಿ ಇರೂ ಇನ್ನೊಂದು ಊರು ಕೊಡಬೇಕು. ಅದೂ ಖುಷಿಲೇ ಹೋಗೂ ಊರು ಆಗಿರಬೇಕು." ಮಾಮಲೇದಾರರ ಪರವಾನಗಿ ತೆಗೆದುಕೊಂಡು ಹುಡುಕಲು ಹೊರಟರು. ಹೆಂಗಸರು ನನ್ನೆದುರು ಬಿಚ್ಚಿ ಮಾತಾಡುತ್ತಾರೆಂದು ರಜೆಯ ದಿನಗಳಲ್ಲಿ ನನ್ನನ್ನೂ ಗೌಡರ ಚಕ್ಕಡಿಯಲ್ಲಿ ಕರೆತರಿಸಿದರು.

ಸಣ್ಣಸಣ್ಣ ಊರು ಐದಾರು ತಿರುಗಿದೆವು. ಒಂದು ಅಂಕಿಗೆ ಕೂಡಲಿಲ್ಲ, ಒಂದು ಕೂಡಿದರೂ ಮಂದಿ ಒಪ್ಪಲಿಲ್ಲ. ಕೊನೆಗೆ ಹಳ್ಳದ ಈಚೆಗೇ, ಬಾಗೇವಾಡಿಯ ಗಡಿಗೆ ಹತ್ತಿರ, ಒಂದು ಗುಡ್ಡದ ಬುಡದ ಊರಿಗೆ ಬಂದೆವು. ಗುಡ್ಡದೂರು ಅನ್ನೋಣ. ಅಂಕಿ ಸರಿಯಾಗಿ ಕೂಡುತ್ತಿತ್ತು. ಕಟ್ಟೆಯ ಮೇಲಿನ ಹೆಂಗಸರನ್ನು ಕೇಳಿದೆ. "ನಮ್ಮ ಬೀಗರೆಲ್ಲಾ ಗೊಳಸಂಗಿ, ಬಾಗೇವಾಡಿ ಕಡೇರಿ ಅಕ್ಕೋರ. ಕೊಡೂದೂ ಅತ್ತ, ತರೂದೂ ಅತ್ತ. ಬಾಗೇವಾಡಿಗಿ ಹಾಕಿದ್ರ ಹೋಳಿಗಿ ಮಾಡಿ ಹಾಕ್ತೇವಿ." ನಾನು ಕುಣಿಯುವುದೊಂದು ಬಾಕಿ. ಮಾಮಾನ ಮುಖ ನೋಡಿದೆ, ಅದು ಅರಳಲಿಲ್ಲ. ವಹಿ ಬಿಚ್ಚಿ ಬರೆಯತೊಡಗಿದರು, ಸೀಸದ ಕಡ್ಡಿ ಅರ್ಧಕ್ಕೇ ನಿಂತಿತು.

ಒಬ್ಬ ಮುದುಕಿ ನಕ್ಕು ಹೇಳಿದಳು: "ಹಳ್ಳದ ಆ ಕಡಿಂದ ನಮ್ಮೂರಿಗಿ ಬಂದ ಸೊಸಿ ಒಬ್ಬಾಕೀರಿ. ಈ ಮಾಮಾನ ಮಗಳು."

ಅಷ್ಟರಲ್ಲಿ ಆ ಮಗಳೇ ಬಂದಳು, ಸೊಂಟದ ಮೇಲೆ ಕೊಡ, ತಂದೆಯ ಹಾಗೇ ಅಗಲ ಹಣೆ. ಮನೆಗೆ ಕರೆದು ಚಹಾ ಕೊಟ್ಟಳು. ವಿಷಯ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಲಗ್ನದಾಗ ಒಮ್ಮೆ ಕಳಿಸಿದಿ. ಈಗ ಎರಡನೇ ಸಲ ಕಳಿಸಾಕತ್ತಿಯೇನಪ್ಪಾ?"

ಮಾಮಾ ಬಸಿಯಲ್ಲಿನ ಚಹಾ ಊದುತ್ತಲೇ ಇದ್ದರು. ಅದು ಆರಿ ಎಷ್ಟೋ ಹೊತ್ತಾಗಿತ್ತು. "ನೀ ಬ್ಯಾಡ ಅಂದ್ರ ಬ್ಯಾರೆ ಊರು ನೋಡ್ತೇನವ್ವಾ" ಎಂದರು ಕೊನೆಗೆ.

"ನಾ ಯಾಕ ಹೇಳಲಿ? ಹೇಳೂದಿದ್ರ ತಕರಾರು ಕೇಳಾಕ ಬರೂ ದೊಡ್ಡ ಸಾಹೇಬ್ರ ಮುಂದ ಹೇಳ್ತೇನಿ."

ಬರುವಾಗ ಹಾದಿಯುದ್ದಕ್ಕೂ ಮಾಮಾ ಸೈಕಲ್ಲು ಹತ್ತದೆ ಚಕ್ಕಡಿಯ ಪಕ್ಕ ನಡೆದೇ ಬಂದರು. ಬೀಗರ ನಡುವೆ ಗೆರೆ ಬೀಳಬಾರದು ಎಂದು ಇಷ್ಟು ವರ್ಷ ವಹಿ ಇಟ್ಟವರ ಸ್ವಂತ ಮಗಳೊಬ್ಬಳೇ ಈಗ ಗೆರೆಯ ಆಚೆಗೆ ಉಳಿಯುವವಳು. ನನಗೆ ಅವರನ್ನು ನೋಡಿ ಕನಿಕರವಾಯಿತು, ಬೇರೆ ಊರು ಹುಡುಕೋಣ ಎಂದೂ ಹೇಳಿದೆ. "ನನ್ನ ಮಗಳು ಬ್ಯಾರೆ ಊರಾಗ ಇದ್ದಿದ್ರ ಈ ಊರು ಆರಸ್ತಿದ್ನಿಲ್ಲೋ? ಆರಸ್ತಿದ್ದೆ. ಮುಗೀತಲ್ಲ" ಎಂದರು. ಅವರ ಹೆಂಡತಿ ಮಾತ್ರ ಹದಿನೈದು ದಿನ ಅವರೊಡನೆ ಮಾತಾಡಲಿಲ್ಲ. ರೊಟ್ಟಿಯನ್ನು ಚೂರು ಮಾಡಿ ತಾಟಿಗೆ ಹಾಕಿಕೊಡುತ್ತಿದ್ದಳಂತೆ, ನಕಾಶೆ ಬರೆಯಲು ಬಾರದ ಹಾಗೆ.

ತಕರಾರಿನ ಅರ್ಜಿ ಗೌಡರದು, ಅಕ್ಷರ ನನ್ನದು. ಈ ಸಲ ಪ್ರತಿ ಅಂಕಿಯನ್ನೂ ಮೂರು ಸಲ ನೋಡಿದೆ. ವಿಚಾರಣೆ ಬಿಜಾಪುರದಲ್ಲಿ. ಚಿಕ್ಕ ಊರು, ಹಿರೇ ಊರು, ಗುಡ್ಡದೂರು ಮೂರರ ಮಂದಿಯೂ ಬಸ್ಸಿನಲ್ಲಿ ಒತ್ತೊತ್ತಿ ಕೂತು ಬುತ್ತಿ ಕಟ್ಟಿಕೊಂಡು ಹೋದೆವು. ಅದೇನು ವಿಚಾರಣೆಯೋ ಮದುವೆಯ ದಿಬ್ಬಣವೋ ತಿಳಿಯದಷ್ಟು ಗದ್ದಲ.

ತೀರ್ಪು ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕಾಡಿಸುವ ಚಾಳಿ ನನಗಿಲ್ಲ. ನಮ್ಮ ತಕರಾರು ಗೆದ್ದಿತು. ಚಿಕ್ಕ ಊರು ಹಿರೇ ಊರಿನೊಡನೆಯೇ ಉಳಿಯಿತು, ಗುಡ್ಡದೂರು ಬಾಗೇವಾಡಿಗೆ ಹೋಯಿತು. ಪೂಲು ಕೆಲವು ವರ್ಷ ಸತಾಯಿಸಿ ಆಮೇಲೆ ಆಯಿತು. ಐದನೆಯ ಇಯತ್ತೆಗೆಂದು ಮಳೆಗಾಲದಲ್ಲಿ ಅದರ ಮೇಲೆ ಹೋದ ನನ್ನ ಮೊದಲ ಹುಡುಗಿಯರು ಏಳು ಮಂದಿ. ಎಲ್ಲರ ಹೆಸರೂ ನನಗೆ ಬಾಯಿಪಾಠ. ಆದರೆ ಬಿಜಾಪುರದ ಆ ದಿನದ ಕೊನೆಯ ಮಾತು ಬರೆಯದಿದ್ದರೆ ಮಾಮಾನನ್ನು ಕುರಿತು ಏನೂ ಬರೆದಂತಾಗುವುದಿಲ್ಲ.

ವಿಚಾರಣೆ ನಡೆಸಿದ ಕ್ಷೇತ್ರ ವಿಂಗಡಣೆ ಆಯೋಗದ ಅಧ್ಯಕ್ಷರು ದೂರದಿಂದ ಬಂದ ಹಿರಿಯರು, ಕನ್ನಡ ಬಾರದವರು. ನಮ್ಮ ಮಂದಿಯ ಮಾತನ್ನು ಉರ್ದುವಿನಲ್ಲಿ ಅವರಿಗೆ ಹೇಳುವ ಕೆಲಸ ಮಾಮಾನದೇ. ಗೌಡರು ಹೇಳಿದ್ದನ್ನೆಲ್ಲ ಹೇಳಿದರು. ಆಗ ಅಧ್ಯಕ್ಷರು ಕರಡನ್ನು ಎತ್ತಿ ತೋರಿಸಿ, ಈ ಹಳ್ಳದ ಗೆರೆ ಎಳೆದವರು ನೀವೇ ಅಲ್ಲವೇ, ಈಗ ಏನನ್ನುತ್ತೀರಿ ಎಂದು ಕೇಳಿದರು. ಮಾಮಾ ಮೊದಲು ಉರ್ದುವಿನಲ್ಲಿ ಹೇಳಿ, ಆಮೇಲೆ ನಮಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು: "ಈ ಗೆರಿ ತಪ್ಪೈತ್ರಿ. ನಾ ನಡದು ನೋಡಲಾರದ ಎಳದದ್ದು." ಅಷ್ಟು ಜಂಭದ ಮನುಷ್ಯ ಅದನ್ನು ಸಭೆಯೆದುರು ಹೇಳಿದ್ದು ಕೇಳಿ ನನಗೆ ಖಾನೇಸುಮಾರಿಯ ನನ್ನ ತಪ್ಪನ್ನೂ ಎದ್ದು ಹೇಳುವ ಧೈರ್ಯ ಬಂತು. ಹೇಳಿದೆ. ಮುಚ್ಚಿಟ್ಟ ಕೂಸುಗಳ ಸುದ್ದಿಯನ್ನು ಮಾಮಾ ಉರ್ದುವಿನಲ್ಲಿ ಹೇಳುವಷ್ಟರಲ್ಲಿ ಅಧ್ಯಕ್ಷರೇ ನಕ್ಕುಬಿಟ್ಟರು. ಅಂಕಿ ಬದಲಾಗದು, ಆದರೆ ಜನರ ಅನುಕೂಲ ನೋಡಬಹುದು ಎಂದರು.

ಆಮೇಲೆ ಗುಡ್ಡದೂರಿನ ಕಡೆ ತಿರುಗಿ, ನಿಮ್ಮ ಊರು ಬಾಗೇವಾಡಿಗೆ ಹೋಗುವುದಕ್ಕೆ ಯಾರದಾದರೂ ತಕರಾರು ಇದೆಯೇ ಎಂದು ಕೇಳಿದರು. ಆ ಊರ ಹಿರಿಯರು ಎದ್ದು, ಇಲ್ಲ ಎಂದು ಕೈ ಮುಗಿದರು.

"ಒಂದು ತಕರಾರು ಐತ್ರಿ" ಎಂದು ಹಿಂದಿನಿಂದ ಹೆಣ್ಣು ದನಿಯೊಂದು ಬಂತು.

ಮಾಮಾನ ಮಗಳು, ತಲೆ ತುಂಬ ಸೆರಗು ಹೊದ್ದು ಗಂಡನ ತಂದೆಯ ಪಕ್ಕ ನಿಂತಿದ್ದಳು. ಇಡೀ ಸಭೆ ತಿರುಗಿ ನೋಡಿತು. ಗೌಡರು ನನ್ನ ಮುಖ ನೋಡಿದರು. ಎಲ್ಲ ಇಲ್ಲಿಗೆ ಮುಗಿಯಿತು ಎಂದು ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಮಾಮಾ ಕಾಗದದಿಂದ ತಲೆ ಎತ್ತಲಿಲ್ಲ.

"ಗೆರಿ ಎಲ್ಲಿ ಬೇಕಾದಲ್ಲಿ ಎಳಕೋರಿ, ಅದಕ್ಕ ನಂದೇನೂ ಇಲ್ಲ" ಎಂದಳು ಅವಳು. "ಆ ಹಳ್ಳದ ಪೂಲು ಮಾತ್ರ ಲಗೂನ ಕಟ್ಟಸ್ರಿ. ನಮ್ಮಪ್ಪನ ಮನಿಗಿ ಹೋಗಾಕ ನನಗಿರೂ ಹಾದಿ ಅದೊಂದೇ."

ಅಧ್ಯಕ್ಷರು ಮಾಮಾನ ಕಡೆ ನೋಡಿ "ಕ್ಯಾ ಕಹಾ?" ಎಂದರು. ಬೆಳಗಿನಿಂದ ಮೂರು ಊರಿನ ಮಾತನ್ನು ಒಂದಕ್ಷರ ಬಿಡದೆ ಹೇಳಿದ್ದ ಮಾಮಾ ಕೈಯಲ್ಲಿನ ಕಾಗದ ಮಡಿಚಿ ಮತ್ತೆ ಬಿಚ್ಚಿದರು. ಅಧ್ಯಕ್ಷರು ಇನ್ನೊಮ್ಮೆ ಕೇಳಿದರು. ಮಾಮಾ ಟೊಪ್ಪಿಗೆ ತೆಗೆದರು, ಅದರಿಂದಲೇ ಕಣ್ಣೊರೆಸಿಕೊಂಡರು, ಅವಳು ಹೇಳಿದ್ದನ್ನೆಲ್ಲ ಬಿಟ್ಟು ಇಷ್ಟೇ ಹೇಳಿದರು:

"ಮೇರಿ ಬೇಟಿ ಹೈ, ಸಾಬ್."